ಹಸುವಿಗೆ ಕಂತಿನ ದಿನ ಗೊತ್ತಿಲ್ಲ

(ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಮತ್ತು ವಾಣಿಜ್ಯದ ವಿದ್ಯಾರ್ಥಿಗಳಿಗೆ ಮಾಡಿದ ಉಪನ್ಯಾಸದ ಬರಹ ರೂಪ ಇದು. ಸುತ್ತಲಿನ ಹಳ್ಳಿಗಳ ಸ್ತ್ರೀಶಕ್ತಿ ಸಂಘದವರೂ ಬಂದು ಹಿಂದಿನ ಸಾಲುಗಳಲ್ಲಿ ಕೂತಿದ್ದರು. ಮಾತನ್ನು ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಒಂದು ಪ್ರಶ್ನೆಯನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮಮ್ಮ ಹೂ ಕಟ್ಟಿ ಮಾರುತ್ತಿದ್ದರು. ಬೆಳಗಿನ ಜಾವ ಎದ್ದು ಮಾರ್ಕೆಟ್ಟಿಗೆ ಹೋಗಿ ಬಿಡಿ ಹೂ ತರುತ್ತಿದ್ದರು. ಕಾಕಡ, ಕನಕಾಂಬರ, ಸೇವಂತಿಗೆ, ರೇಟು ಕಡಿಮೆ ಇದ್ದ ದಿನ ಮಲ್ಲಿಗೆ. ಮನೆಗೆ ಬಂದು, ನೆನೆಹಾಕಿದ ಬಾಳೆನಾರು ತಗೊಂಡು ಕಟ್ಟೋದಕ್ಕೆ ಕೂತರೆ ತಲೆ ಎತ್ತುತ್ತಿರಲಿಲ್ಲ. ಬಿಸಿಲು ಏರುವುದರೊಳಗೆ ಬುಟ್ಟಿ ತುಂಬಬೇಕು. ಮನೆಗಳಿಗೆ ಮೊಳದ ಲೆಕ್ಕ, ದೇವಸ್ಥಾನಕ್ಕೆ ಮಾರಿನ ಲೆಕ್ಕ. ಸಂಜೆ ಉಳಿದದ್ದು ಅರ್ಧ ಬೆಲೆಗೆ. ಅದೂ ಹೋಗದಿದ್ದರೆ ನಮ್ಮನೆ ದೇವರಿಗೆ.

ಅಮ್ಮನ ದಿನದಲ್ಲಿ ಇಬ್ಬರು ಗಂಡಸರು ತಪ್ಪದೆ ಬರುತ್ತಿದ್ದರು. ಬೆಳಗ್ಗೆ ಮಾರ್ಕೆಟ್ಟಿನ ಮೂಲೆಯಲ್ಲಿ ಒಬ್ಬ ನಿಂತಿರುತ್ತಿದ್ದ. ಅವನು 9 ರೂಪಾಯಿ ಕೊಡುತ್ತಿದ್ದ, ಸಂಜೆ 10 ರೂಪಾಯಿ ವಸೂಲಿ ಮಾಡುತ್ತಿದ್ದ. ಇನ್ನೊಬ್ಬರು ದಿನದ ಉಳಿತಾಯ ಕೂಡಿಸುವ ಬ್ಯಾಂಕಿನ ಏಜೆಂಟು, ಸಂಜೆ ಸೈಕಲ್ಲಿನಲ್ಲಿ ಬರುತ್ತಿದ್ದರು. ಹೆಗಲಿಗೆ ಚರ್ಮದ ಚೀಲ, ಕಾರ್ಬನ್ ಹಾಳೆ ಇಟ್ಟ ರಸೀದಿ ಪುಸ್ತಕ. ನಾವು ಮಕ್ಕಳು ಅವರನ್ನು ಪಿಗ್ಮಿ ಮಾಮ ಅಂತ ಕರೆಯುತ್ತಿದ್ದೆವು. ಅಮ್ಮ ಅವರ ಕೈಗೆ ನಾಲ್ಕಾಣೆ ಹಾಕುತ್ತಿದ್ದರು. ಮಳೆ ಬಂದು ಹೂವೆಲ್ಲ ಕೊಳೆತ ದಿನವೂ ಎಲ್ಲಿಂದಲೋ ಹೊಂದಿಸಿ ಕೊಡುತ್ತಿದ್ದರು. ಮೊದಲನೆಯವನು ದಿನಕ್ಕೆ ಒಂದು ರೂಪಾಯಿ ಬಡ್ಡಿ ಕಿತ್ತುಕೊಂಡು ಹೋಗುತ್ತಿದ್ದ. ಎರಡನೆಯವರಿಗೆ ಇವರೇ ದುಡ್ಡು ಕೊಟ್ಟು ಕಳಿಸುತ್ತಿದ್ದರು. ಉಳಿಸೋದಕ್ಕೆ ದುಡ್ಡಿದ್ದವರು ಸಾಲ ಯಾಕೆ ಮಾಡಬೇಕು? ಈ ಪ್ರಶ್ನೆ ನನಗೆ ಹುಡುಗನಾಗಿದ್ದಾಗಲೇ ಬಂದಿತ್ತು. ಮುಂದೆ ಬ್ಯಾಂಕಿಗೆ ಸೇರಿ ಮೂವತ್ತು ವರ್ಷದ ಮೇಲೆ ಕೆಲಸ ಮಾಡಿದೆ. ಹೆಚ್ಚು ಕಾಲ ಹಳ್ಳಿ ಶಾಖೆಗಳಲ್ಲೇ ಇದ್ದೆ. ಆ ಪ್ರಶ್ನೆ ಬಿಡಲಿಲ್ಲ.

ಇವತ್ತಿನ ಲೆಕ್ಕದಲ್ಲಿ ನೋಡೋಣ. ಈಗಲೂ ಮಾರ್ಕೆಟ್ಟುಗಳಲ್ಲಿ ಬೆಳಗ್ಗೆ 900 ಕೊಟ್ಟು ಸಂಜೆ 1000 ತಗೊಳ್ಳುವವರಿದ್ದಾರೆ. ದಿನಕ್ಕೆ 100 ರೂಪಾಯಿ ಬಡ್ಡಿ. ವರ್ಷದಲ್ಲಿ 300 ದಿನ ವ್ಯಾಪಾರ ಅಂದುಕೊಳ್ಳಿ, ಬಡ್ಡಿಗೇ 30,000 ಹೋಯಿತು. ಕೈಯಲ್ಲಿ ಓಡುವ ಬಂಡವಾಳ ಮಾತ್ರ ಅದೇ 900 ರೂಪಾಯಿ! ದಿನಕ್ಕೆ 25 ರೂಪಾಯಿ ಎತ್ತಿಟ್ಟರೆ 36 ದಿನದಲ್ಲಿ ಆ 900 ತನ್ನದೇ ಆಗುತ್ತೆ. ಸಾಲದವನ ಮುಖ ನೋಡಬೇಕಾಗಿಲ್ಲ. ಹಾಗಾದರೆ ಯಾಕೆ ಎತ್ತಿಡೋದಿಲ್ಲ?

ಲೆಕ್ಕ ಬರದೆ ಅಲ್ಲ. ಹೂವಿನವರಷ್ಟು ಚುರುಕಾಗಿ ಬಾಯಿಲೆಕ್ಕ ಮಾಡುವವರನ್ನು ನಾನು ಬ್ಯಾಂಕಿನೊಳಗೂ ಕಂಡಿಲ್ಲ. ಎತ್ತಿಟ್ಟ ದುಡ್ಡು ಮನೆಯಲ್ಲಿ ನಿಲ್ಲೋದಿಲ್ಲ, ಅಷ್ಟೆ. ಹದಿನೈದನೇ ದಿನ ಮಗುವಿಗೆ ಜ್ವರ ಬರುತ್ತೆ. ಇಪ್ಪತ್ತನೇ ದಿನ ನಾದಿನಿ ಬಾಣಂತನಕ್ಕೆ ಬರುತ್ತಾಳೆ. ಗಂಡ ಅಕ್ಕಿ ಡಬ್ಬದ ಕಡೆ ಕಣ್ಣು ಹಾಕುತ್ತಾನೆ. ಪಕ್ಕದ ಮನೆಯವರು ಕೈಗಡ ಕೇಳಿದಾಗ ದುಡ್ಡಿದ್ದೂ ಇಲ್ಲ ಅನ್ನೋದಕ್ಕೆ ಬಾಯಿ ಬರೋದಿಲ್ಲ. ಪಿಗ್ಮಿ ಮಾಮನ ಚೀಲಕ್ಕೆ ಬಿದ್ದ ನಾಲ್ಕಾಣೆ ಮಾತ್ರ ಇದೆಲ್ಲದರಿಂದ ತಪ್ಪಿಸಿಕೊಳ್ಳುತ್ತಿತ್ತು. ‘ದುಡ್ಡು ಪಿಗ್ಮಿಗೆ ಹೋಯ್ತು’ ಅಂದರೆ ಯಾರೂ ಮರುಮಾತಾಡುತ್ತಿರಲಿಲ್ಲ.

ಪಿಗ್ಮಿ ನಮ್ಮ ನಾಡಿನಲ್ಲೇ ಹುಟ್ಟಿದ್ದು. ಇಲ್ಲಿರುವ ಮಕ್ಕಳಿಗೆ ಇದು ಗೊತ್ತಿರಬೇಕು ಅಂತ ನನಗೆ ಆಸೆ. 1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕು ಶುರು ಮಾಡಿದರು. ಉಪೇಂದ್ರ ಅನಂತ ಪೈ ವ್ಯಾಪಾರಿ, ವಾಮನ ಕುಡ್ವ ಎಂಜಿನಿಯರ್, ಟಿ.ಎಂ.ಎ. ಪೈ ಡಾಕ್ಟರು. ಆಗ ಕೈಮಗ್ಗದ ಕಸುಬು ನೆಲಕಚ್ಚಿತ್ತು. ನೇಕಾರರ ಕೈ ಹಿಡಿಯಬೇಕು, ಅದಕ್ಕೆ ಊರಿನವರ ಸಣ್ಣ ಸಣ್ಣ ಉಳಿತಾಯವನ್ನೇ ಕೂಡಿಸಬೇಕು ಅನ್ನುವುದು ಅವರ ಯೋಚನೆ. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು, 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿತು. 1928ರಲ್ಲಿ ಅವರು ಪಿಗ್ಮಿ ಠೇವಣಿ ತಂದರು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಬ್ಯಾಂಕಿನ ಏಜೆಂಟೇ ಮನೆ ಬಾಗಿಲಿಗೆ ಬಂದು ತಗೊಂಡು ಹೋಗುತ್ತಾನೆ. ಮನೆಯಲ್ಲೇ ಮಗ್ಗ ಇಟ್ಟುಕೊಂಡವನು ಕೆಲಸ ಬಿಟ್ಟು ಬ್ಯಾಂಕಿಗೆ ಹೋಗಿ ಸಾಲಿನಲ್ಲಿ ನಿಂತರೆ ಆ ಹೊತ್ತಿನ ನೇಯ್ಗೆ ಹೋಯಿತು. ದಿನದ ದುಡಿಮೆಯವರ ಹತ್ತಿರ ದಿನವೂ ಹೋಗಬೇಕು ಅನ್ನುವುದು ಅವರಿಗೆ ಹೊಳೆದಿತ್ತು. ಎಷ್ಟು ಸರಳ ಅಲ್ವಾ? ಆದರೆ ನಮ್ಮಂಥ ಎಷ್ಟೋ ಬ್ಯಾಂಕಿನವರಿಗೆ ಇದು ಕೊನೆಯವರೆಗೂ ಹೊಳೆಯಲಿಲ್ಲ.

ಇಂಥದ್ದೇ ಮಾತು ಬೇರೆ ಕಡೆಯಿಂದಲೂ ಬಂದಿದೆ. ಕೆನ್ಯಾ ದೇಶದ ಪಶ್ಚಿಮ ಭಾಗದ ಒಂದು ಸಂತೆ ಊರಿನಲ್ಲಿ ಪಾಸ್ಕಲಿನ್ ದುಪಾ ಮತ್ತು ಜೊನಾಥನ್ ರಾಬಿನ್ಸನ್ ಎಂಬ ಅರ್ಥಶಾಸ್ತ್ರಜ್ಞರು ವ್ಯಾಪಾರ ಮಾಡುವ ಹೆಂಗಸರಿಗೆ ಉಳಿತಾಯ ಖಾತೆ ಮಾಡಿಸಿದರು. ಆ ಖಾತೆಗೆ ಬಡ್ಡಿ ಇರಲಿಲ್ಲ. ದುಡ್ಡು ತೆಗೆಯೋದಕ್ಕೆ ಶುಲ್ಕ ಬೇರೆ. ಆದರೂ ಖಾತೆ ಸಿಕ್ಕ ಹೆಂಗಸರು ತಮ್ಮ ವ್ಯಾಪಾರಕ್ಕೆ ಹಾಕುವ ಬಂಡವಾಳ ಜಾಸ್ತಿ ಆಯಿತು. ಬಡ್ಡಿ ಬರದಿದ್ದರೂ ಪರವಾಗಿಲ್ಲ, ದುಡ್ಡು ಕೈಗೆ ಸಿಗದ ಹಾಗೆ ಇದ್ದರೆ ಸಾಕು ಅಂತ ಅವರು ಶುಲ್ಕ ಕೊಟ್ಟು ಇಟ್ಟರು. ನಮ್ಮಮ್ಮ ಬದುಕಿದ್ದಿದ್ದರೆ ಇದನ್ನು ಕೇಳಿ ತಲೆದೂಗುತ್ತಿದ್ದರು.

ಈಗ ಬ್ಯಾಂಕು ಹಳ್ಳಿಗೆ ಬಂದ ಕತೆಗೆ ಬರುತ್ತೇನೆ. 1969ರ ಜುಲೈ 19ರಂದು 14 ಬ್ಯಾಂಕುಗಳು ಸರ್ಕಾರದ ಕೈಗೆ ಬಂದವು. ಕೆನರಾ, ಸಿಂಡಿಕೇಟ್ ಎರಡೂ ಅದರಲ್ಲಿದ್ದವು. 1977ರಲ್ಲಿ ರಿಸರ್ವ್ ಬ್ಯಾಂಕು ಒಂದು ನಿಯಮ ಮಾಡಿತು. ಆಗಲೇ ಬ್ಯಾಂಕು ಇರುವ ಊರಿನಲ್ಲಿ ಒಂದು ಶಾಖೆ ತೆರೆಯಬೇಕು ಅಂದರೆ, ಬ್ಯಾಂಕೇ ಇಲ್ಲದ ಊರುಗಳಲ್ಲಿ ನಾಲ್ಕು ತೆರೆಯಬೇಕು. 1990ರವರೆಗೆ ಈ ನಿಯಮ ನಡೆಯಿತು. ಆ ಕಾಲದಲ್ಲಿ ಹಳ್ಳಿಗಳ ಬಡತನ ಇಳಿಯುವುದರಲ್ಲಿ ಈ ಶಾಖೆಗಳ ಪಾಲೂ ಇತ್ತು ಅಂತ ಅರ್ಥಶಾಸ್ತ್ರಜ್ಞರಾದ ರಾಬಿನ್ ಬರ್ಜೆಸ್ ಮತ್ತು ರೋಹಿಣಿ ಪಾಂಡೆ 2005ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಸಾಲ ಬಾಕಿ ಉಳಿದದ್ದೂ ಬಹಳ. ಅದನ್ನು ಮುಚ್ಚಿಡಬಾರದು. ಆದರೆ ಹಾಗೆ ತೆರೆದ ಒಂದು ಶಾಖೆಯಲ್ಲೇ ನನ್ನ ನೌಕರಿ ಶುರುವಾದದ್ದು. ಅಲ್ಲಿ ಮೊದಲ ಸಲ ಬ್ಯಾಂಕಿನೊಳಗೆ ಚಪ್ಪಲಿ ಬಿಟ್ಟು ಬಂದ ಮುದುಕರನ್ನು ನೋಡಿದ್ದೇನೆ. ಆ ಶಾಖೆಗಳು ದಂಡ ಅಂತ ಯಾರಾದರೂ ಹೇಳಿದರೆ ನಾನು ಒಪ್ಪೋದಿಲ್ಲ.

2014ರ ಆಗಸ್ಟ್ 28ರಂದು ಎಲ್ಲರಿಗೂ ಬ್ಯಾಂಕ್ ಖಾತೆ ಮಾಡಿಸುವ ಜನಧನ ಯೋಜನೆ ಬಂತು. ಈಗ 50 ಕೋಟಿಗೂ ಜಾಸ್ತಿ ಖಾತೆಗಳಿವೆ, ಅರ್ಧಕ್ಕಿಂತ ಹೆಚ್ಚು ಹೆಂಗಸರ ಹೆಸರಿನಲ್ಲಿ. ದೊಡ್ಡ ಕೆಲಸವೇ. ಆದರೆ ಖಾತೆ ಇರುವುದು ಬೇರೆ, ಆ ಖಾತೆ ಕಸುಬಿಗೆ ಒದಗುವುದು ಬೇರೆ. ಇದನ್ನು ನಾನು ಕಲಿತದ್ದು ಒಂದು ಹಸುವಿನಿಂದ.

ತೊಂಬತ್ತರ ದಶಕ. ನಾನು ಸಾಲದ ವಿಭಾಗ ನೋಡುತ್ತಿದ್ದೆ. ಒಬ್ಬ ಅಕ್ಕ ಬಂದು ಸೀಮೆಹಸುವಿಗೆ ಸಾಲ ಕೇಳಿದರು. ಕಾಗದ ಸರಿ ಇತ್ತು, ಊರಿನಲ್ಲಿ ಡೇರಿ ಇತ್ತು. ಸಾಲ ಕೊಟ್ಟೆ. ಮುಂದಿನ ತಿಂಗಳಿಂದಲೇ ಕಂತು, ಪ್ರತಿ ತಿಂಗಳೂ ಒಂದೇ ಮೊತ್ತ, ಮೂರು ವರ್ಷ. ಫಾರಂ ಹಾಗಿತ್ತು, ನಾನೂ ಹಾಗೇ ತುಂಬಿದೆ.

ನಿಮ್ಮಲ್ಲಿ ಹಸು ಸಾಕಿದವರಿಗೆ ಮುಂದಿನದು ಗೊತ್ತು. ಹಸು ಕರು ಹಾಕಿದ ಮೊದಲ ತಿಂಗಳುಗಳಲ್ಲಿ ಚೆನ್ನಾಗಿ ಹಾಲು ಕೊಡುತ್ತೆ. ಆಮೇಲೆ ಇಳಿಯುತ್ತಾ ಹೋಗುತ್ತೆ. ಮತ್ತೆ ಗಬ್ಬ ನಿಂತು ಏಳು ತಿಂಗಳಾದರೆ ಹಾಲು ಬತ್ತಿಸಲೇಬೇಕು. ಹೊಟ್ಟೆಯಲ್ಲಿರುವ ಕರುವಿಗೂ ಮುಂದಿನ ಸೂಲಿನ ಹಾಲಿಗೂ ಅದು ಬೇಕು. ಆ ಎರಡು ತಿಂಗಳು ಡೇರಿಗೆ ಒಂದು ತೊಟ್ಟು ಹಾಲು ಹೋಗೋದಿಲ್ಲ, ಬಟವಾಡೆ ಇಲ್ಲ. ಆದರೆ ಹಿಂಡಿ, ಬೂಸಾ, ಹುಲ್ಲು ನಿಲ್ಲಿಸೋ ಹಾಗಿಲ್ಲ. ಆಗ ಇನ್ನೂ ಚೆನ್ನಾಗಿ ತಿನ್ನಿಸಬೇಕು. ದುಡ್ಡು ಬರೋದು ನಿಂತು, ಖರ್ಚು ಏರುವ ಸಮಯ ಅದು. ಕಂತು ಮಾತ್ರ ತಿಂಗಳ ಐದನೇ ತಾರೀಕಿಗೆ ಬಂದು ನಿಲ್ಲುತ್ತೆ.

ಆ ಅಕ್ಕ ಒಂದು ಕಂತನ್ನೂ ತಪ್ಪಿಸಲಿಲ್ಲ. ನನ್ನ ಪುಸ್ತಕದಲ್ಲಿ ಅದು ಒಳ್ಳೆಯ ಸಾಲ. ಮೇಲಿನವರು ತಪಾಸಣೆಗೆ ಬಂದಾಗ ಅದನ್ನೇ ತೋರಿಸಿದ್ದೆ. ಒಂದು ದಿನ ಇನ್ಯಾವುದೋ ಕೆಲಸಕ್ಕೆ ಆ ಊರಿಗೆ ಹೋದವನು ಅವರ ಮನೆ ಕಡೆ ಹೊರಳಿದೆ. ಕೊಟ್ಟಿಗೆಯಲ್ಲಿ ಹಸು ಇತ್ತು, ಪಕ್ಕೆಲುಬು ಎಣಿಸಬಹುದಾಗಿತ್ತು. ಅಕ್ಕ ಕಾಫಿ ತಂದು ಕೊಟ್ಟರು. ಲೋಟ ಕೊಡುವಾಗ ಮುಖ ಪಕ್ಕಕ್ಕೆ ತಿರುಗಿತು. ಕಿವಿಯಲ್ಲಿ ಓಲೆ ಇರಲಿಲ್ಲ. ತೂತು ಮುಚ್ಚದಿರಲಿ ಅಂತ ಎರಡು ಬೇವಿನಕಡ್ಡಿ ಚೂರು ಸಿಕ್ಕಿಸಿಕೊಂಡಿದ್ದರು.

‘ಗಿರವಿ ಇಟ್ಟಿದೀನಿ ಸಾರ್. ಕಂತು ತಪ್ಪಬಾರದಲ್ಲ. ಕರು ಹಾಕಿದ ಮೇಲೆ ಬಿಡಿಸ್ಕೋತೀನಿ’ ಅಂದರು. ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳಿದರು. ಒಂದು ಕಂತಿಗೆ ಓಲೆ, ಇನ್ನೊಂದಕ್ಕೆ ಊರಿನವರ ಹತ್ತಿರ ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿಯ ಕೈಸಾಲ. ಹಿಂಡಿ ಕಮ್ಮಿ ಮಾಡಿದ್ದರು. ಹಿಂಡಿ ಕಮ್ಮಿ ಆದ ಹಸು ಮುಂದಿನ ಸೂಲಿನಲ್ಲೂ ಹಾಲು ಕಮ್ಮಿ ಕೊಡುತ್ತೆ. ಅಂದರೆ ನನ್ನ ಕಂತು ಆ ಹಸುವಿನ ಮೇವನ್ನೇ ತಿಂದಿತ್ತು. ಆ ಸಾಲವನ್ನು ಹಸುವಿನ ಸೂಲು ನೋಡಿ ಬರೆಯಬಹುದಾಗಿತ್ತು. ಹಾಲಿರುವ ಹತ್ತು ತಿಂಗಳು ಸ್ವಲ್ಪ ಜಾಸ್ತಿ, ಬತ್ತಿದ ಎರಡು ತಿಂಗಳು ಬಿಡುವು. ಬ್ಯಾಂಕಿಗೆ ಒಂದು ಪೈಸೆ ನಷ್ಟ ಇರಲಿಲ್ಲ. ನಾನು ಕೇಳಿರಲಿಲ್ಲ, ಅಷ್ಟೇ. ಹಸು ಎಷ್ಟನೇ ತಿಂಗಳ ಗಬ್ಬ ಅನ್ನುವ ಒಂದು ಪ್ರಶ್ನೆ ನನ್ನ ಫಾರಂನಲ್ಲಿ ಇರಲಿಲ್ಲ. ಆ ಬೇವಿನಕಡ್ಡಿಗಳನ್ನು ನಾನು ಇವತ್ತಿಗೂ ಮರೆತಿಲ್ಲ.

ಒಂದೊಂದು ಕಸುಬಿಗೂ ಒಂದೊಂದು ಪಂಚಾಂಗ ಇದೆ. ಹೂವಿಗೆ ಆಷಾಢ ಕಷ್ಟ, ಮದುವೆ ಇಲ್ಲ. ಶ್ರಾವಣ ಬಂದು ವರಮಹಾಲಕ್ಷ್ಮಿ ಹಬ್ಬ ಹತ್ತಿರವಾದರೆ ಕೊಳ್ಳೋದಕ್ಕೆ ಒಮ್ಮೆಗೇ ದುಡ್ಡು ಬೇಕು. ರಾಮನಗರ, ಶಿಡ್ಲಘಟ್ಟದ ಕಡೆ ರೇಷ್ಮೆ ನೂಲು ತೆಗೆಯುವವರು ಗೂಡಿಗೆ ಮಾರ್ಕೆಟ್ಟಿನಲ್ಲೇ ದುಡ್ಡು ಕಟ್ಟಬೇಕು. ನೂಲಿನ ದುಡ್ಡು ಬರೋದು ಆಮೇಲೆ. ನಡುವಿನ ಆ ದಿನಗಳೇ ಅವರಿಗೆ ಕಷ್ಟ. ಕಲಬುರಗಿ, ವಿಜಯಪುರದ ಕಡೆ ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಮಾರುವವರಿಗೆ ಬೇಕಾದದ್ದು ಸುಗ್ಗಿಯಲ್ಲಿ ಅಗ್ಗವಾಗಿ ಜೋಳ ತುಂಬಿಟ್ಟುಕೊಳ್ಳುವಷ್ಟು ದುಡ್ಡು. ಹೊಲಿಗೆ ಮೆಷಿನ್ನಿನವರಿಗೆ ಶಾಲೆ ಶುರುವಾಗುವ ಜೂನ್, ಆಮೇಲೆ ದಸರಾ, ದೀಪಾವಳಿ. ಎಲ್ಲರಿಗೂ ಒಂದೇ ದಿನ ಒಂದೇ ಕಂತು ಅಂದರೆ ಹೇಗೆ ಹೊಂದುತ್ತೆ?

ಇದು ನನ್ನೊಬ್ಬನ ಅನಿಸಿಕೆ ಅಲ್ಲ. ಕೋಲ್ಕತ್ತಾದಲ್ಲಿ ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮತ್ತು ಅವರ ಜೊತೆಯವರು ಒಂದು ಪ್ರಯೋಗ ಮಾಡಿದರು. ಕಿರುಸಾಲ ತಗೊಂಡ ಹೆಂಗಸರಲ್ಲಿ ಕೆಲವರಿಗೆ ಎಂದಿನಂತೆ ಎರಡು ವಾರಕ್ಕೇ ಕಂತು ಶುರು. ಇನ್ನು ಕೆಲವರಿಗೆ ಎರಡು ತಿಂಗಳು ಬಿಡುವು ಕೊಟ್ಟರು. ಅಷ್ಟೇ ವ್ಯತ್ಯಾಸ. ಬಿಡುವು ಸಿಕ್ಕವರು ಕಸುಬಿಗೆ ಜಾಸ್ತಿ ದುಡ್ಡು ಹಾಕಿದರು. ಸುಮಾರು ಮೂರು ವರ್ಷ ಬಿಟ್ಟು ನೋಡಿದಾಗ ಅವರ ಲಾಭವೂ ಹೆಚ್ಚಿತ್ತು. ಎರಡು ವಾರಕ್ಕೇ ಕಂತು ಕಟ್ಟಬೇಕಾದವರು ಯಾವುದಕ್ಕೆ ದುಡ್ಡು ಹಾಕುತ್ತಾರೆ? ಎರಡು ವಾರದಲ್ಲಿ ತಿರುಗಿ ಬರುವುದಕ್ಕೆ ಮಾತ್ರ. ನಿಧಾನಕ್ಕೆ ಫಲ ಕೊಡುವ ಕೆಲಸಕ್ಕೆ ಕೈ ಹಾಕೋದೇ ಇಲ್ಲ. ಅದೇ ಅಧ್ಯಯನದಲ್ಲಿ ಬಿಡುವು ಸಿಕ್ಕವರ ಪೈಕಿ ಸಾಲ ಬಾಕಿ ಉಳಿಸಿಕೊಂಡವರೂ ಜಾಸ್ತಿ ಇದ್ದರು. ಸಾಹಸಕ್ಕೆ ಇಳಿದಾಗ ಕೆಲವರು ಸೋಲುತ್ತಾರೆ. ಸಾಲ ಕೊಡುವವರ ಹೆದರಿಕೆ ಸುಳ್ಳಲ್ಲ, ಇದನ್ನೂ ನೀವು ಬರೆದುಕೊಳ್ಳಿ.

ಹಿಂದೆ ಕೂತಿರುವ ಅಕ್ಕಂದಿರಿಗೆ ಸಂಘದ ಕತೆ ನಾನು ಹೇಳಬೇಕಾಗಿಲ್ಲ. ವಿದ್ಯಾರ್ಥಿಗಳಿಗಾಗಿ ಎರಡು ಮಾತು. 1980ರ ದಶಕದ ಮಧ್ಯದಲ್ಲಿ, ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆ ದೊಡ್ಡ ಸಹಕಾರ ಸಂಘಗಳು ಒಡೆದವು. ಆಗ ಒಬ್ಬರನ್ನೊಬ್ಬರು ನಂಬುವ ಜನ ಸಣ್ಣ ಸಣ್ಣ ಗುಂಪು ಮಾಡಿಕೊಂಡರು. ಅವು ಬೆಳೆದು, 1992ರಲ್ಲಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಮಾಡಿತು. ನಮ್ಮ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂದದ್ದು 2000-01ರಲ್ಲಿ. ಸಂಘದಲ್ಲಿ ಮೊದಲು ಉಳಿತಾಯ, ಆಮೇಲೆ ಸಾಲ. ಕೊಟ್ಟ ಬಡ್ಡಿ ಸಂಘದಲ್ಲೇ ಉಳಿಯುತ್ತೆ. ಇದಕ್ಕಿಂತ ದೊಡ್ಡ ಗುಣ ಒಂದಿದೆ. ಚಾಪೆ ಮೇಲೆ ಸುತ್ತ ಕೂತ ಹದಿನೈದು ಜನಕ್ಕೆ ಯಾರ ಹಸು ಬತ್ತಿದೆ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ ಅಂತ ಗೊತ್ತಿರುತ್ತೆ. ‘ಈ ತಿಂಗಳು ಬಡ್ಡಿ ಮಾತ್ರ ಕಟ್ಟು, ಅಸಲು ಆಮೇಲೆ ನೋಡೋಣ’ ಅಂತ ಹೇಳುವ ಅಧಿಕಾರ ಅವರಿಗಿದೆ. ನನ್ನ ಫಾರಂಗೆ ಇಲ್ಲದಿದ್ದ ಕಣ್ಣು ಆ ಚಾಪೆಗೆ ಇತ್ತು.

ಆಮೇಲೆ ಬಂದ, ಬಡವರಿಗೆ ಕಿರುಸಾಲ ಕೊಡುವ ಮೈಕ್ರೋಫೈನಾನ್ಸ್ ಕಂಪನಿಗಳು ಗುಂಪನ್ನು ಇಟ್ಟುಕೊಂಡವು, ಆ ಅಧಿಕಾರವನ್ನು ಬಿಟ್ಟವು. ವಾರದ ಕಂತು, ನಿಗದಿ ಗಂಟೆ. ಒಬ್ಬರು ತಪ್ಪಿದರೆ ಉಳಿದವರ ಮೇಲೆ ಬೀಳುತ್ತೆ. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕಿನಿಂದ ಹಬ್ಬಿದ ದಾರಿ ಅದು. ಬಡವರಿಗೂ ಒತ್ತೆ ಇಲ್ಲದೆ ಸಾಲ ಕೊಡಬಹುದು, ಅವರು ತೀರಿಸುತ್ತಾರೆ ಅಂತ ಜಗತ್ತಿಗೇ ತೋರಿಸಿತು. ಅದನ್ನು ನಾನು ಗೌರವಿಸುತ್ತೇನೆ. ಆದರೆ ಒಂದೇ ಮನೆಗೆ ಮೂರು ನಾಲ್ಕು ಕಂಪನಿಗಳು ಸಾಲ ಕೊಟ್ಟು, ಒಂದರ ಕಂತಿಗೆ ಇನ್ನೊಂದರ ಸಾಲ ಅನ್ನುವ ಹಾಗಾಯಿತು. 2009ರಲ್ಲಿ ಕೋಲಾರ, ರಾಮನಗರ, ಶಿಡ್ಲಘಟ್ಟದಲ್ಲಿ ಏನಾಯಿತು? ರೇಷ್ಮೆ ಕಸುಬಿಗೆ ಏಟು ಬಿದ್ದಿತ್ತು, ಕಂತು ಮಾತ್ರ ನಿಲ್ಲಲಿಲ್ಲ. ಸ್ಥಳೀಯ ಮುಖಂಡರು ಕಟ್ಟಬೇಡಿ ಅಂದರು, ಸಾವಿರಾರು ಹೆಂಗಸರು ಕಟ್ಟುವುದನ್ನೇ ನಿಲ್ಲಿಸಿದರು. 2025ರ ಫೆಬ್ರುವರಿಯಲ್ಲಿ ನಮ್ಮ ಸರ್ಕಾರ ಸುಗ್ರೀವಾಜ್ಞೆ ತರುವ ಹೊತ್ತಿಗೆ ವಸೂಲಿಯ ಕಾಟಕ್ಕೆ ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿ ದಿನಾ ಪೇಪರಿನಲ್ಲಿ ಬರುತ್ತಿತ್ತು. ಬಲವಂತದ ವಸೂಲಿಗೆ ಈಗ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಬೇಕಾಗಿತ್ತು. ಆದರೆ ಕಾನೂನು ವಸೂಲಿಗೆ ಬಂದವನ ಕೈ ಹಿಡಿಯುತ್ತೆ, ಕಂತಿನ ದಿನ ಬದಲಾಯಿಸೋದಿಲ್ಲ.

ಸಾಲ ಕೊಟ್ಟರೆ ಪ್ರತಿ ಮನೆಯೂ ಉದ್ದಿಮೆ ಆಗುತ್ತೆ ಅಂತ ಭಾಷಣ ಮಾಡುವವರಿದ್ದಾರೆ. ಅವರ ಮಾತನ್ನು ಪೂರ್ತಿ ನಂಬಬೇಡಿ. ಹೈದರಾಬಾದಿನ ಬಡಾವಣೆಗಳಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಜೊತೆಯವರು ಮಾಡಿದ ಅಧ್ಯಯನ 2015ರಲ್ಲಿ ಅಚ್ಚಾಯಿತು. ಮೈಕ್ರೋಫೈನಾನ್ಸ್ ಬಂದ ಬಡಾವಣೆಗಳಲ್ಲಿ ಮೊದಲೇ ವ್ಯಾಪಾರ ಇದ್ದ ಕೆಲವರು ಅದನ್ನು ಬೆಳೆಸಿದರು. ಮಕ್ಕಳ ಓದು, ಆರೋಗ್ಯ, ಮನೆಯಲ್ಲಿ ಹೆಂಗಸಿನ ಮಾತಿಗೆ ಇರುವ ಬೆಲೆ, ಇವುಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಎಲ್ಲರಿಗೂ ವ್ಯಾಪಾರ ಮಾಡುವ ಮನಸ್ಸು ಇರೋದಿಲ್ಲ. ತಿಂಗಳ ಸಂಬಳದ ಒಂದು ಕೆಲಸ ಸಿಕ್ಕರೆ ಸಾಕು ಅನ್ನುವವರೇ ಜಾಸ್ತಿ, ಅದು ತಪ್ಪೂ ಅಲ್ಲ.

ಇನ್ನೊಂದು ವಿಷಯ ಮನೆಯೊಳಗಿನದು. ಶ್ರೀಲಂಕಾದಲ್ಲಿ ಸಣ್ಣ ಕಸುಬಿನವರಿಗೆ 10,000, 20,000 ಅಂತ, ಅಲ್ಲಿನ ರೂಪಾಯಿಯಲ್ಲಿ, ವಾಪಸ್ ಕೇಳದೆ ಕೆಲವು ಸಂಶೋಧಕರು ದುಡ್ಡು ಕೊಟ್ಟು ನೋಡಿದರು. ಗಂಡಸರ ಕಸುಬಿನಲ್ಲಿ ಲಾಭ ಏರಿತು, ಹೆಂಗಸರದ್ದರಲ್ಲಿ ಏರಲಿಲ್ಲ. ಹೆಂಗಸರಿಗೆ ವ್ಯಾಪಾರ ಬರೋದಿಲ್ಲ ಅಂತ ಹೇಳೋದಕ್ಕೆ ಕೆಲವರಿಗೆ ಅಷ್ಟು ಸಾಕಾಯಿತು. ಆಮೇಲೆ ಬೇರೆ ಸಂಶೋಧಕರು ಅದೇ ಲೆಕ್ಕವನ್ನು ಮನೆಯ ಪ್ರಕಾರ ಬಿಡಿಸಿ ನೋಡಿದರು, ಭಾರತದ ಮತ್ತು ಘಾನಾದ ಲೆಕ್ಕವನ್ನೂ ಸೇರಿಸಿದರು. ಮನೆಯಲ್ಲಿ ಹೆಂಗಸೊಬ್ಬಳದ್ದೇ ಕಸುಬು ಇದ್ದ ಕಡೆ ಲಾಭ ಗಂಡಸರಷ್ಟೇ ಬಂದಿತ್ತು. ಗಂಡನಿಗೂ ಬೇರೆ ಕಸುಬು ಇದ್ದ ಮನೆಯಲ್ಲಿ ಅವಳ ಹೆಸರಿನ ದುಡ್ಡು ಅವನ ಕಸುಬಿಗೆ ಹೋಗಿತ್ತು. ನಮ್ಮ ಕಡೆಯೂ ಹೀಗೇ ಅಲ್ವಾ? ಸಹಿ ಅವಳದ್ದು, ಆಟೋ ಅವನದ್ದು, ಕಂತಿನ ದಿನ ಸಂಘದಲ್ಲಿ ತಲೆ ತಗ್ಗಿಸಿ ಕೂರೋದು ಅವಳು. ಸಾಲ ಯಾರ ಹೆಸರಿನಲ್ಲಿದೆ ಅಂತ ಎಣಿಸಿದರೆ ಸಾಲದು. ದುಡ್ಡು ಯಾರ ಕಸುಬಿಗೆ ಹೋಯಿತು, ಲಾಭ ಯಾರ ಕೈಗೆ ಬಂತು ಅಂತ ಮನೆ ಬಾಗಿಲಿಗೆ ಹೋಗಿ ಕೇಳಬೇಕು.

ನನ್ನ ಮಾತು ಮುಗಿದಾಗ ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಎದ್ದು ನಿಂತರು. ‘ಸಾರ್, ನೀವು ಹೇಳೋದೆಲ್ಲ ಸರಿ. ನಾವು ಹೋಗಿ ನಮ್ಮ ಹಸು ಬತ್ತಿದೆ, ಎರಡು ತಿಂಗಳು ಬಿಡಿ ಅಂದ್ರೆ ಯಾರು ಕೇಳ್ತಾರೆ?’

ಅವರಿಗೆ ನಾನು ಹೇಳಿದ್ದು ಇಷ್ಟು. 2022ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಇದೆ. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಮನೆಗೆ ಒತ್ತೆ ಇಲ್ಲದೆ ಕೊಡುವ ಸಾಲಕ್ಕೆ ಅದು ಅನ್ವಯ. ಮನೆಯ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಕಂತು ವಾರಕ್ಕೋ, ತಿಂಗಳಿಗೋ, ಎಷ್ಟು ದಿನಕ್ಕೊಮ್ಮೆ ಅನ್ನುವುದನ್ನು ಸಾಲಗಾರರ ಅನುಕೂಲಕ್ಕೆ ತಕ್ಕಂತೆ ಇಡುವ ಅವಕಾಶ ಇರಬೇಕು, ಅದಕ್ಕೆ ಸಾಲ ಕೊಡುವ ಸಂಸ್ಥೆ ತನ್ನದೇ ನೀತಿ ಮಾಡಿಕೊಂಡಿರಬೇಕು ಅಂತ ಅದರಲ್ಲಿ ಬರೆದಿದೆ. ಸಾಲ ತಗೊಂಡ ಮೇಲೆ ಕೇಳಬೇಡಿ, ಸಹಿ ಹಾಕುವ ಮೊದಲೇ ಕೇಳಿ. ಬಾಯಲ್ಲಿ ಬೇಡ, ಬರೆದು ಕೊಡಿ, ಒಂದು ಪ್ರತಿಗೆ ಸೀಲು ಹಾಕಿಸಿಕೊಂಡು ಇಟ್ಟುಕೊಳ್ಳಿ.

ಸಭೆ ಮುಗಿದ ಮೇಲೆ ಆ ಅಕ್ಕ ಹೋಗಲಿಲ್ಲ. ಎರಡನೇ ಹಸುವಿಗೆ ಸಾಲ ಕೇಳಬೇಕು ಅಂತಿದ್ದರು. ಬಿ.ಕಾಂ. ಓದುವ ಇಬ್ಬರು ಹುಡುಗಿಯರು ಪಕ್ಕದಲ್ಲಿ ಕೂತು ಬಿಳಿಹಾಳೆ ತೆಗೆದರು. ಮನೆಯಲ್ಲಿರುವ ಹಸು ಈಗ ಐದು ತಿಂಗಳ ಗಬ್ಬ. ಬತ್ತಿಸುವ ತಿಂಗಳು, ಕರು ಹಾಕುವ ತಿಂಗಳು, ಬಟವಾಡೆ ಬರುವ ತಾರೀಕು, ಎಲ್ಲ ಒಂದರ ಕೆಳಗೊಂದು ಬರೆದರು. ಕೊಳ್ಳಬೇಕೆಂದಿರುವ ಹಸು ಎಷ್ಟನೇ ಸೂಲಿನದು ಅಂತ ಒಬ್ಬ ಹುಡುಗಿ ತಾನಾಗಿಯೇ ಕೇಳಿದಳು. ‘ಎರಡನೇದು, ಕರು ಹಾಕಿ ಹದಿನೈದು ದಿನ ಆಯ್ತು’ ಅಂದರು ಅಕ್ಕ. ಹಾಗಾದರೆ ಎರಡೂ ಒಟ್ಟಿಗೆ ಬತ್ತೋದಿಲ್ಲ ಅಂತ ಆ ಹುಡುಗಿ ಬೆರಳು ಮಡಿಚಿ ತಿಂಗಳು ಎಣಿಸಿದಳು, ಆಮೇಲೆ ಅರ್ಜಿಯ ಮೊದಲ ಸಾಲು ಬರೆಯಲು ಶುರುಮಾಡಿದಳು.